ಲೆನೋರಾ ಯಾರ ಕನಸಿಗೆ ಬಂದಳು

ಕನ್ಯೂಟನ ಮೇಲೆ ನನಗೆ ಸಿಟ್ಟು ಬಂದದ್ದು ಒಂದೆರಡು ಸಲವಲ್ಲ. ಗಾರೆ ಕೆಲಸದವನೆಂದರೆ ಸ್ವಲ್ಪವಾದರೂ ಒರಟಾಗಿರಬೇಕು. ಇವನೋ, ಯಾರು ಏನಂದರೂ ಹೂಂ, ಏನೂ ಅನ್ನದಿದ್ದರೂ ಹೂಂ. ನಮ್ಮ ಬೋಗಲ್ಸ್‌ನಲ್ಲಿ, ಅಷ್ಟೇಕೆ, ಕ್ಯಾರಿಯಕೂ ದ್ವೀಪದ ಈ ಬದಿಯ ಊರುಗಳಲ್ಲೆಲ್ಲ ಸತ್ತವರ ಗೋರಿಯ ಮೇಲಿರುವ ಕಲ್ಲುಗಳಲ್ಲಿ ಮುಕ್ಕಾಲು ಪಾಲು ಅವನು ಮಾಡಿದ್ದೇ. ಸಿಮೆಂಟು ಕಲಸಿ, ಹಲಗೆಯ ಅಚ್ಚಿಗೆ ಸುರಿದು, ಅದು ಹಸಿಯಿರುವಾಗಲೇ ಮೊಳೆ ಹಿಡಿದು ಹೆಸರು ಕೊರೆಯುತ್ತಿದ್ದ. ಕಲ್ಲು ಹಾಕುವ ದಿನದ ಊಟಕ್ಕೆ ಅಡುಗೆ ಮಾಡುವವಳು ನಾನು. ಅವನು ಅಂಗಳದ ಆ ತುದಿಯಲ್ಲಿ, ನಾನು ಒಲೆಯ ಹತ್ತಿರ ಈ ತುದಿಯಲ್ಲಿ, ಹೀಗೆ ಮೂವತ್ತು ವರ್ಷಕ್ಕೂ ಹೆಚ್ಚು ಒಟ್ಟಿಗೆ ದುಡಿದಿದ್ದೇವೆ. ಅವನನ್ನು ಬೈಯುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ.

ಮದುವೆಯಾಗುವಾಗ ಅವನಿಗೆ ಐವತ್ತೊಂದು. ಹೆಣ್ಣು ನನ್ನ ಗೆಳತಿ ಲೆನೋರಾ, ಅವಳಿಗೆ ನಲವತ್ತೊಂಬತ್ತು. ಅವಳ ಮೊದಲ ಗಂಡ ಆಲ್ಬನ್ ಸರಕಿನ ದೋಣಿಯಲ್ಲಿ ಟ್ರಿನಿಡಾಡಿಗೆ ಹೋಗಿಬರುತ್ತಿದ್ದವನು, ಜ್ವರ ಬಂದು ತೀರಿಕೊಂಡಿದ್ದ. ಅವನಿಗೆ ಕಲ್ಲು ಮಾಡಲು ಬಂದವನು ಕನ್ಯೂಟ್. ನಾಲ್ಕು ದಿನ ಅವಳ ಅಂಗಳದಲ್ಲಿ ಸಿಮೆಂಟು ಕಲಸಿದ, ಅವಳು ನೀರು ತಂದು ಕೊಟ್ಟಳು, ಮಾತು ಬೆಳೆಯಿತು. ಗಂಡನ್ನ ಭದ್ರವಾಗಿ ಮುಚ್ಚಿಟ್ಟು ಹೆಂಡತಿನ ಕರ್ಕೊಂಡ್ ಹೋದ ನೋಡು ಎಂದು ಊರಿನ ಗಂಡಸರು ರಮ್ ಅಂಗಡಿಯಲ್ಲಿ ಕೂತು ನಗುತ್ತಿದ್ದರು. ಅದಕ್ಕೂ ಕನ್ಯೂಟ್ ಹೂಂ ಅಂದ.

ಲೆನೋರಾಳಿಗೆ ಇಬ್ಬರು ಮಕ್ಕಳು. ಮಗಳು ಇಸ್ಮೇ, ಆಗ ಇಪ್ಪತ್ತೆಂಟರ ಟೀಚರು, ರಸ್ತೆಯ ಮೇಲ್ತುದಿಯಲ್ಲಿ ಆಗಲೇ ಸ್ವಂತ ಮನೆ ಕಟ್ಟಿಕೊಂಡಿದ್ದಳು. ಮಗ ಗಾರ್ವಿನ್, ಹಿಲ್ಸ್‌ಬರೊ ಪೇಟೆಗೂ ನಮ್ಮೂರಿಗೂ ಪ್ಯಾಸೆಂಜರ್ ವ್ಯಾನು ಓಡಿಸುತ್ತಿದ್ದವನು. ಇಬ್ಬರೂ ಮದುವೆಗೆ ಬಂದರು, ಉಂಡರು, ಫೋಟೋಕ್ಕೆ ತಾಯಿಯ ಪಕ್ಕದಲ್ಲಿ ನಿಂತರು. ಜಗಳ ಅಂತ ಏನೂ ಆಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಚಿಕ್ಕ ಮಗುವಾದರೆ ಎತ್ತಿಕೊಳ್ಳಬಹುದು, ಮೂಗು ಒರೆಸಬಹುದು, ಒಂದು ಏಟು ಕೊಟ್ಟು ಆಮೇಲೆ ಸಿಹಿ ಕೊಡಬಹುದು. ಸ್ವಂತ ಮನೆ, ಸ್ವಂತ ಸಂಬಳ ಇರುವ ಇಪ್ಪತ್ತೆಂಟರ ಹೆಂಗಸಿಗೆ ಹೊಸದಾಗಿ ಬಂದ ಅಪ್ಪ ಏನು ಮಾಡಬೇಕು? ಏನೂ ಮಾಡುವಂತಿಲ್ಲ. ಇಬ್ಬರೂ ಅವನನ್ನು ಮಿಸ್ಟರ್ ಕನ್ಯೂಟ್ ಎಂದು ಕರೆದರು, ಬ್ಯಾಂಕಿನ ಮ್ಯಾನೇಜರನ್ನು ಕರೆದ ಹಾಗೆ. ಹದಿನೇಳು ವರ್ಷ ಹಾಗೇ ಕರೆದರು.

ಒಂದು ಸಲ ಇಸ್ಮೇಯ ಮನೆಯ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ಯಾರೂ ಹೇಳದೆ ಕನ್ಯೂಟ್ ಹೋಗಿ ಎರಡು ದಿನ ಕೂತು ಸರಿಮಾಡಿದ. ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ, ಕಣ್ಣಾರೆ ನೋಡಿದೆ. ಇಸ್ಮೇ ಒಳ್ಳೆಯ ಗಾಜಿನ ಲೋಟದಲ್ಲಿ ಹಣ್ಣಿನ ರಸ ತಂದಳು, ತಟ್ಟೆಯ ಮೇಲಿಟ್ಟು, ಪೇಪರ್ ಕರವಸ್ತ್ರದ ಸಮೇತ. ಜಗಲಿಯ ಮೇಲೆ ಕುರ್ಚಿ ಹಾಕಿದಳು. ಥ್ಯಾಂಕ್ಸ್ ಹೇಳಿದಳು, ಒಂದಲ್ಲ, ಮೂರು ಸಲ. ಒಳಗೆ ಬನ್ನಿ ಅಂತ ಒಂದು ಮಾತು ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಸಂಜೆ ಅವನನ್ನು ಕೇಳಿದರೆ, "ಜ್ಯೂಸು ತಣ್ಣಗಿತ್ತು" ಅಂದ. ಈ ಮನುಷ್ಯನಿಗೆ ಏನು ಹೇಳುವುದು ನೀವೇ ಹೇಳಿ.

ಇಸ್ಮೇಯನ್ನು ಕೆಟ್ಟವಳು ಅನ್ನಲಾರೆ. ಅಪ್ಪನನ್ನು ಬಹಳ ಹಚ್ಚಿಕೊಂಡಿದ್ದವಳು. ಅವಳ ಪ್ರಕಾರ ಅವಳು ಯಾವ ತಪ್ಪೂ ಮಾಡಿರಲಿಲ್ಲ. ಎದುರು ಮಾತಾಡಿಲ್ಲ, ಕ್ರಿಸ್ಮಸ್ಸಿಗೆ ಕೇಕು ಕಳಿಸುವುದು ತಪ್ಪಿಸಿಲ್ಲ. ಆ ಕೇಕಿನ ಡಬ್ಬಿಯ ಮೇಲೆ ಮಾತ್ರ ಪ್ರತಿ ವರ್ಷ ಅಮ್ಮನ ಹೆಸರೊಂದೇ ಇರುತ್ತಿತ್ತು.

ತಾಯಿ ಮಗಳ ನಡುವೆ ಕಡೆಗೆ ಕೆಟ್ಟದ್ದು ಇಂಥದ್ದೇ ಒಂದು ವಿಷಯಕ್ಕೆ. ಇಸ್ಮೇ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷವಾಯಿತೆಂದು ಶಾಲೆಯಲ್ಲಿ ಸನ್ಮಾನ ಇಟ್ಟಿದ್ದರು. ಕರೆಯೋಲೆ ಬಂದದ್ದು ಲೆನೋರಾ ಒಬ್ಬಳ ಹೆಸರಿಗೆ. ಲೆನೋರಾ ಅದನ್ನು ಹಿಡಿದುಕೊಂಡೇ ಮಗಳ ಮನೆಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಬಂದರೆ ಇಬ್ಬರೂ ಬರುತ್ತೇವೆ, ಇಲ್ಲದಿದ್ದರೆ ಇಲ್ಲ ಅಂದಳು. ಇಸ್ಮೇ ದನಿ ಏರಿಸಲಿಲ್ಲ. "ಅವರು ನಿನಗೆ ಗಂಡ ಆಗಿರಬಹುದು ಅಮ್ಮಾ. ನನಗೆ ಏನೂ ಅಲ್ಲ" ಅಂದಳು. ಲೆನೋರಾ ಕರೆಯೋಲೆಯನ್ನು ಮೇಜಿನ ಮೇಲಿಟ್ಟು ಎದ್ದು ಬಂದಳು. ಸನ್ಮಾನಕ್ಕೆ ಹೋಗಲಿಲ್ಲ. ಇಬ್ಬರೂ ಮಾತು ಬಿಟ್ಟರು. ಅದಾದ ಹದಿನಾರನೆಯ ದಿನ ಲೆನೋರಾ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗದ ಕೆಳಗೇ ಕುಸಿದುಬಿದ್ದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿದ ದಿನ ಯಾರು ಏನು ಮಾಡಿದರು ಎಂದು ಕೇಳಿದರೆ ನನಗೂ ಸರಿಯಾಗಿ ನೆನಪಿಲ್ಲ. ಗಾರ್ವಿನ್ ಬಹಳ ಅತ್ತ. ಇಸ್ಮೇ ಅಳಲಿಲ್ಲ, ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತಿದ್ದಳು. ಕನ್ಯೂಟನೂ ಅಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸನಿಕೆ, ಕರಣೆ ಹಿಡಿದು ಯಾರದೋ ಗೋಡೆಯ ಕೆಲಸಕ್ಕೆ ಹೊರಟ. ಏನಯ್ಯಾ ಇದು ಅಂದದ್ದಕ್ಕೆ, ಒಪ್ಪಿಕೊಂಡಿದ್ದೆ ಅಂದ. ಹೋಗಿ ಇಡೀ ದಿನ ಗೋಡೆ ಕಟ್ಟಿದ. ಸಂಜೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತ. ಲೆನೋರಾ ಒಣಹಾಕಿದ್ದ ಬಟ್ಟೆ ಇನ್ನೂ ಹಗ್ಗದ ಮೇಲೆ ಇತ್ತು, ಅದನ್ನು ತೆಗೆಯಬೇಕೆಂದು ಅವನಿಗೆ ತೋಚಿರಲಿಲ್ಲ. ನಾನು ತೆಗೆದು ಮಡಿಸಿಟ್ಟೆ.

ಮನೆ ಲೆನೋರಾಳ ತಾಯಿಯ ಕಡೆಯಿಂದ ಬಂದದ್ದು, ಮುಂದೆ ಮಕ್ಕಳಿಗೆ ಸೇರುವಂಥದು. ಒಂದು ವಾರ ಬಿಟ್ಟು ಇಸ್ಮೇ ಬಂದು, ನೀವು ಇಲ್ಲೇ ಇರಬಹುದು ಮಿಸ್ಟರ್ ಕನ್ಯೂಟ್ ಎಂದು ಹೇಳಿ ಹೋದಳು. ಹದಿನೇಳು ವರ್ಷ ಬಾಳಿದ ಮನೆಯಲ್ಲಿ ಇರಲು ಅಪ್ಪಣೆ. ಅದಕ್ಕೂ ಅವನು ತಲೆಯಾಡಿಸಿದ.

ಇನ್ನು ಕಲ್ಲಿನ ವಿಷಯ. ನಮ್ಮಲ್ಲಿ ಮಣ್ಣು ಮಾಡಿದ ಕೂಡಲೇ ಕಲ್ಲು ಹಾಕುವುದಿಲ್ಲ. ಸತ್ತವರೇ ಬಾಯಿಬಿಟ್ಟು ಕೇಳಬೇಕು. ಆರು ತಿಂಗಳಿಗೋ ಐದು ವರ್ಷಕ್ಕೋ, ತಮ್ಮವರಲ್ಲಿ ಒಬ್ಬರ ಕನಸಿಗೆ ಬಂದು, ಹಸಿವಾಗ್ತಿದೆ, ನನಗೆ ಕಲ್ಲು ಹಾಕಿ ಅನ್ನಬೇಕು. ಹೆಚ್ಚಾಗಿ ಮಕ್ಕಳ ಕನಸಿಗೇ ಬರುತ್ತಾರೆ. ಬಂದಮೇಲೆ ತಡಮಾಡುವಂತಿಲ್ಲ. ಕಲ್ಲು ಮಾಡಿಸಿ, ಆಡು ಕಡಿದು, ಡೋಲು ಬಾರಿಸಿ, ಊರಿಗೆಲ್ಲ ಊಟ ಹಾಕಿ, ಸತ್ತವರಿಗೆ ಬಿಳಿ ಬಟ್ಟೆಯ ಮೇಲೆ ಬೇರೆ ತಟ್ಟೆ ಬಡಿಸಬೇಕು. ಆ ತಟ್ಟೆಗೆ ಒಂದು ಹರಳು ಉಪ್ಪು ಬೀಳಕೂಡದು. ಇಷ್ಟಾದರೆ ಅವರು ಮಲಗುತ್ತಾರೆ. ಮತ್ತೆ ಯಾರ ಕನಸಿಗೂ ಬರುವುದಿಲ್ಲ.

ಇಸ್ಮೇ ಕಾಯತೊಡಗಿದಳು. ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ನನ್ನಮ್ಮ ಮೂರೇ ತಿಂಗಳಿಗೆ ಬಂದಳು, ನಿನ್ನಮ್ಮ ಇನ್ನೂ ಬರಲಿಲ್ವಾ ಎಂದು ವ್ಯಾನಿನಲ್ಲಿ ಕೂತ ಹೆಂಗಸರು ಅವಳ ಮುಖಕ್ಕೇ ಕೇಳಿದರು. ಹಾಗೆ ಮಾತಾಡಿದವರಲ್ಲಿ ನಾನೂ ಒಬ್ಬಳು, ಸುಳ್ಳು ಯಾಕೆ ಹೇಳಲಿ. ಮಗಳ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳು ಪಾಪ ಎಂದು ಊರೆಲ್ಲ ಒಂದು ತೀರ್ಮಾನಕ್ಕೆ ಬಂತು. ಗಾರ್ವಿನ್ ಮಾತ್ರ ಅದನ್ನು ಹಗುರವಾಗಿ ತೆಗೆದುಕೊಂಡ. ಅಮ್ಮನಿಗೆ ವ್ಯಾನ್ ಹತ್ತೋದೇ ಆಗ್ತಿರಲಿಲ್ಲ, ಇನ್ನು ಕನಸಿಗೆಲ್ಲಿ ನಡ್ಕೊಂಡ್ ಬರ್ತಾಳೆ ಎನ್ನುತ್ತಿದ್ದ.

ಇಸ್ಮೇಗೆ ನಗು ಬರಲಿಲ್ಲ. ಒಂದು ದಿನ ಶಾಲೆ ಬಿಟ್ಟವಳು ನೇರ ನನ್ನ ಅಡುಗೆಮನೆಗೆ ಬಂದಳು. ತೆಳ್ಳಗಾಗಿದ್ದಳು, ಕೂದಲಿಗೆ ಬಣ್ಣ ಹಾಕುವುದು ಬಿಟ್ಟಿದ್ದಳು. ತಾಯಿಯ ತಲೆವಸ್ತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತೇನೆ ಅಂದಳು. ಏನೂ ಕಾಣುವುದಿಲ್ಲ, ಬೆಳಗಾಗುತ್ತದೆ, ಎದ್ದು ಶಾಲೆಗೆ ಹೋಗುತ್ತೇನೆ ಅಂದಳು. ಆಮೇಲೆ ಕೇಳಿದಳು, "ತಾಂತಿ, ನಿಮ್ಮ ಕನಸಿಗೇನಾದ್ರೂ ಬಂದಿದ್ಲಾ?"

ನನ್ನನ್ನು ಊರಿನಲ್ಲಿ ಚಿಕ್ಕವರೆಲ್ಲ ತಾಂತಿ ಎಂದೇ ಕರೆಯುವುದು. ಇಲ್ಲ ಕಣೆ ಅಂದೆ. ಅದು ನಿಜವೇ.

"ಬಂದು ಬೈದಿದ್ರೂ ಸಾಕಿತ್ತು" ಅಂದಳು. ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ, ಹಾಜರಿ ಕೂಗುವ ದನಿಯಲ್ಲೇ ಹೇಳಿದಳು. ಅವಳು ಕೂಗಿ ಅತ್ತಿದ್ದರೆ ನಾನೂ ತಬ್ಬಿಕೊಂಡು ಅಳುತ್ತಿದ್ದೆ. ಅವಳು ಅಳಲಿಲ್ಲ, ನಾನು ತೊಗರಿಕಾಯಿ ಸುಲಿಯುತ್ತಾ ಕೂತೆ. ಅವಳೂ ಒಂದು ಬೊಗಸೆ ಸುಲಿದುಕೊಟ್ಟು ಹೋದಳು.

ಮೂರೂವರೆ ವರ್ಷವಾದ ಮೇಲೆ ಒಂದು ಬೆಳಿಗ್ಗೆ ನನ್ನ ಒಲೆಯ ಕಟ್ಟೆ ಕುಸಿದು, ಎರಡು ಹಿಡಿ ಸಿಮೆಂಟು ಕೇಳಲು ಕನ್ಯೂಟನ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದ. ನಾನು ಸೀದಾ ಅಡುಗೆಮನೆಗೆ ನುಗ್ಗಿದೆ, ನನಗೇನು ಹೊಸ ಮನೆಯೇ. ಮೇಜಿನ ಮೇಲೆ ಒಂದು ತಟ್ಟೆ ಮುಚ್ಚಿಟ್ಟಿತ್ತು. ತೆಗೆದು ನೋಡಿದೆ. ಜೋಳದ ಮುದ್ದೆ, ಬೇಯಿಸಿದ ಮೀನು, ಒಂದು ತುಂಡು ಸಿಹಿಗೆಣಸು. ಅಡುಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೀನಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಉಪ್ಪಿಲ್ಲ. ಮುದ್ದೆ ಚಿವುಟಿದೆ. ಅದಕ್ಕೂ ಉಪ್ಪಿಲ್ಲ.

ನಮ್ಮಲ್ಲಿ ಬದುಕಿರುವವರು ಯಾರೂ ಹಾಗೆ ಉಣ್ಣುವುದಿಲ್ಲ. ಕನ್ಯೂಟನಂತೂ ಉಪ್ಪುಮೀನಿಗೂ ಮೇಲೆ ಉಪ್ಪು ಉದುರಿಸಿಕೊಳ್ಳುವವನು. ಮೂವತ್ತು ವರ್ಷದಿಂದ ಸತ್ತವರಿಗೆ ತಟ್ಟೆ ಬಡಿಸುತ್ತಿರುವವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕೇಳದವರಿಗೆ ಯಾರೂ ತಟ್ಟೆ ಇಡುವುದಿಲ್ಲ.

ಅವನು ಒಳಗೆ ಬಂದು, ನಾನು ತೆರೆದಿದ್ದ ತಟ್ಟೆಯನ್ನು ನೋಡಿ ಅಲ್ಲೇ ನಿಂತ.

"ಬಂದಿದ್ದಾಳೆ" ಅಂದೆ.

"ಹೂಂ."

"ಯಾವಾಗಿಂದ?"

ಎರಡನೆಯ ತಿಂಗಳಿನಿಂದ ಅಂದ. ಇಲ್ಲಿಯವರೆಗೆ ಹನ್ನೊಂದು ಸಲ. ಏನು ಹೇಳುತ್ತಾಳೆ ಅಂದರೆ, ಹಸಿವು ಅನ್ನುತ್ತಾಳಂತೆ, ಕಲ್ಲು ಹಾಕು ಅನ್ನುತ್ತಾಳಂತೆ. ಎಲ್ಲ ಸಲ ಅಲ್ಲ, ಮೂರು ನಾಲ್ಕು ಸಲ. ಬೇರೆ ದಿನ ಸುಮ್ಮನೆ ಏನಾದರೂ ಮಾತಾಡುತ್ತಾಳಂತೆ. ಬಂದುಹೋದ ಮರುದಿನ ಬೆಳಿಗ್ಗೆ ಅವನೇ ಬೇಯಿಸಿ ತಟ್ಟೆ ಇಡುತ್ತಿದ್ದನಂತೆ, ಹಸಿವಾದರೂ ನೀಗಲಿ ಅಂತ.

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಸತ್ತವಳು ಬಾಗಿಲಿಗೆ ಬಂದು ಬೇಡುತ್ತಿದ್ದರೆ ಅಡುಗೆಮನೆಯ ಮೂಲೆಯಲ್ಲಿ ತುತ್ತು ಹಾಕಿ ಸಾಗಹಾಕುತ್ತಿದ್ದೀಯಲ್ಲ, ಊರಿಗೆಲ್ಲ ಕಲ್ಲು ಮಾಡಿದವನು ಕಟ್ಟಿಕೊಂಡವಳಿಗೆ ಮಾಡಲಿಲ್ಲವಲ್ಲ, ಅತ್ತ ಅವಳ ಮಗಳು ದಿಂಬಿಗೆ ಮುಖವಿಟ್ಟು ಒಣಗಿಹೋಗುತ್ತಿದ್ದಾಳಲ್ಲ, ನಿನಗೆ ಮನುಷ್ಯತ್ವ ಇದೆಯಾ ಅಂದೆ. ಮಕ್ಕಳಿಗೆ ನೋವಾಗುತ್ತದೆ ಎಂದು ಮುಚ್ಚಿಟ್ಟಿರಬಹುದು ಎಂದು ಒಂದು ಕ್ಷಣ ಅನ್ನಿಸಿತ್ತು. ಹಾಗೆ ಹೇಳಿದ್ದರೆ ನಾನು ಅರ್ಧ ತಣ್ಣಗಾಗುತ್ತಿದ್ದೆ. ಅವನು ಹಾಗೆ ಹೇಳಲಿಲ್ಲ. ತಟ್ಟೆಯನ್ನು ಮತ್ತೆ ಮುಚ್ಚಿದ.

"ಕಲ್ಲು ಹಾಕಿದ್ರೆ ಬರೋದು ನಿಲ್ಲಿಸ್ತಾಳೆ, ಎಲ್ಮಿರಾ" ಅಂದ. "ಆ ಮಕ್ಕಳ ಹತ್ರ ಅವಳ ಮುಖ ಇದೆ, ಅವಳ ರಕ್ತ ಇದೆ. ನನ್ನ ಹತ್ರ ಇರೋದು ಇದೊಂದೇ."

ಹದಿನೇಳು ವರ್ಷ, ಅದರ ಮೇಲೆ ಮೂರೂವರೆ ವರ್ಷ, ಇಷ್ಟರಲ್ಲಿ ಅವನು ತನಗೆ ಬೇಕು ಎಂದು ಒಂದು ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಆದರೂ ಭಾನುವಾರದ ತನಕ ಸಮಯ ಕೊಡುತ್ತೇನೆ, ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದೆ. ಸಿಮೆಂಟು ಕೇಳುವುದನ್ನು ಮರೆತು ಮನೆಗೆ ಬಂದೆ.

ಭಾನುವಾರ ಚರ್ಚು ಮುಗಿದ ಮೇಲೆ ಅವನು ಇಸ್ಮೇಯ ಮನೆಗೆ ಹೋದ. ನಾನು ಹಿಂದೆ ಹೋದೆ, ನಡುವೆ ಎಲ್ಲಾದರೂ ತಿರುಗಿಬಿಡುತ್ತಾನೆ ಎಂಬ ಅನುಮಾನ ನನಗೆ. ಗಾರ್ವಿನ್ ಕೂಡ ಅಲ್ಲೇ ಇದ್ದ, ಜಗಲಿಯಲ್ಲಿ ಕೂತು ಊಟ ಮಾಡುತ್ತಿದ್ದ. ಕನ್ಯೂಟ್ ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು, ನಿಮ್ಮಮ್ಮ ನನ್ನ ಕನಸಿಗೆ ಬರುತ್ತಿದ್ದಾಳೆ, ಕಲ್ಲು ಕೇಳಿದ್ದಾಳೆ, ಮೊದಲ ವರ್ಷವೇ ಕೇಳಿದ್ದಳು, ನಾನು ಹೇಳಲಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಿದ. ಅಷ್ಟು ಉದ್ದ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ.

ಗಾರ್ವಿನ್ ತಟ್ಟೆ ಕೆಳಗಿಟ್ಟು ಎದ್ದ. ಇವತ್ತೇ ಸಾಮಾನು ಕಟ್ಟು, ನನ್ನ ವ್ಯಾನಲ್ಲೇ ಒಯ್ದು ಬಂದರಿನ ಹತ್ತಿರ ಬಿಸಾಕಿ ಬರುತ್ತೇನೆ ಎಂದು ಕೂಗಾಡಿದ. ಕಲ್ಲು ಹಾಕದೆ ಇಟ್ಟ ಹೆಣ ಅಂದರೆ ಏನಂದುಕೊಂಡಿದ್ದೀಯ ಅಂದ. ಕನಸಿನ ಬಗ್ಗೆ ತಮಾಷೆ ಮಾಡುತ್ತಿದ್ದವನು ಅವನೇ. ಇಸ್ಮೇ ಕೈ ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ. ಅವನು ಸುಮ್ಮನಾದ.

"ಎಷ್ಟು ಸಲ ಬಂದ್ಲು?" ಅಂದಳು.

"ಹನ್ನೊಂದು."

"ನನ್ನ ಬಗ್ಗೆ ಏನಂದ್ಲು?"

ನಾನು ಅವನ ಬೆನ್ನಿನ ಹಿಂದೆ ನಿಂತು, ಏನಾದರೊಂದು ಹೇಳಯ್ಯಾ, ಸುಳ್ಳಾದರೂ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವನು ಯೋಚಿಸಿದ. ನಿಜವಾಗಿಯೂ ಹನ್ನೊಂದನ್ನೂ ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವುದು ಕಾಣಿಸುತ್ತಿತ್ತು. "ಏನೂ ಅನ್ನಲಿಲ್ಲ" ಅಂದ.

ಇಸ್ಮೇ ತಲೆಯಾಡಿಸಿದಳು. ಕಲ್ಲು ಮಾಡಿ, ನೀವೇ ಮಾಡಿ, ಬರುವ ತಿಂಗಳು ಹಾಕೋಣ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾರ್ವಿನ್ ನಮ್ಮಿಬ್ಬರನ್ನೂ ನೋಡಿ ಉಗುಳಿದ. ವಾಪಸ್ ಬರುವಾಗ ದಾರಿಯಲ್ಲಿ ಕನ್ಯೂಟ್, "ಸುಳ್ಳು ಹೇಳಬೇಕಿತ್ತಾ?" ಎಂದು ಕೇಳಿದ.

ಅವನು ಕಲ್ಲು ಮಾಡಿದ. ಎಲ್ಲರಿಗೂ ಮಾಡುವ ಹಾಗೇ ಮಾಡಿದ, ಒಂದು ಕರಣೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಏನು ಬರೆಯಬೇಕೆಂದು ಇಸ್ಮೇ ಚೀಟಿ ಕಳಿಸಿದ್ದಳು. ಲೆನೋರಾ, ಇಸ್ಮೇ ಮತ್ತು ಗಾರ್ವಿನ್‌ರ ತಾಯಿ, ಹುಟ್ಟಿದ ದಿನ, ಸತ್ತ ದಿನ. ಆಲ್ಬನ್ನನ ಹೆಸರೂ ಇಲ್ಲ, ಇವನ ಹೆಸರೂ ಇಲ್ಲ. ಕಲ್ಲಿನ ಮೇಲೆ ಜಾಗ ಕಡಿಮೆ ಎಂದು ಅವಳೇ ಚೀಟಿಯ ಕೆಳಗೆ ಬರೆದಿದ್ದಳು. ನನಗೆ ಮತ್ತೆ ಉರಿ ಹತ್ತಿತು. ಕಲ್ಲಿನ ಜಾಗ ಎಷ್ಟೆಂದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಷ್ಟು ಗೊತ್ತಿದ್ದ ಮನುಷ್ಯ ಆ ಚೀಟಿ ಓದಿ, ಹೌದು, ಕಡಿಮೆಯೇ ಅಂದ.

ಕಲ್ಲೂಟ ಚೆನ್ನಾಗಿಯೇ ಆಯಿತು. ಮೂರು ಆಡು ಕಡಿದರು, ಕೋಳಿಗಳ ಲೆಕ್ಕವಿಲ್ಲ. ಸಾರಿನ ಹಂಡೆಗಳನ್ನು ಇಳಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಲೆನೋರಾಳ ತಟ್ಟೆಯನ್ನು ನಾನೇ ಬಡಿಸಿದೆ. ಉಪ್ಪಿನ ಡಬ್ಬಿಯನ್ನು ಬೆಳಿಗ್ಗೆಯೇ ಪಕ್ಕದ ಮನೆಗೆ ಕಳಿಸಿಬಿಟ್ಟಿದ್ದೆ, ಯಾರಾದರೂ ಕೈತಪ್ಪಿ ಹಾಕಿಯಾರೆಂದು. ಕಲ್ಲನ್ನು ರಮ್ ಮತ್ತು ನೀರಿನಿಂದ ತೊಳೆದು, ಬಿಳಿ ಬಟ್ಟೆ ಹೊದಿಸಿ, ಅವಳ ಮಂಚದ ಮೇಲಿಟ್ಟಿದ್ದೆವು. ಎತ್ತಿಕೊಂಡು ಹೊರಟಾಗ ಡೋಲಿನವರು ಮುಂದೆ, ಮಕ್ಕಳು ಹಿಂದೆ, ಕನ್ಯೂಟ್ ಕರಣೆ ಮತ್ತು ಸಿಮೆಂಟಿನ ಬಕೆಟ್ಟು ಹಿಡಿದು ಎಲ್ಲರಿಗಿಂತ ಹಿಂದೆ. ಗಾರೆಯವನ ಜಾಗ ಅದೇ. ಗೋರಿಯ ಹತ್ತಿರ ಇಸ್ಮೇ ನೆಲಕ್ಕೆ ರಮ್ ಚೆಲ್ಲಿದಳು, ಆಮೇಲೆ ಗಾರ್ವಿನ್. ಮೂರನೆಯದಾಗಿ ಬಾಟಲಿಯನ್ನು ಇಸ್ಮೇ ಕನ್ಯೂಟನ ಕೈಗೆ ಕೊಟ್ಟಳು. ಗಂಡನೆಂದು ಕೊಟ್ಟಳೋ, ಗಾರೆಯವನೆಂದು ಕೊಟ್ಟಳೋ ನನಗೆ ಗೊತ್ತಿಲ್ಲ, ಗಾರೆಯವನಿಗೂ ಕೊಡುವ ವಾಡಿಕೆ ಇದೆ. ಅವನು ಚೆಲ್ಲಿದ. ಬಗ್ಗಿ ಕಲ್ಲು ಕೂರಿಸಿದ, ಅಂಚು ಸವರಿದ, ಮಟ್ಟಗೋಲು ಇಟ್ಟು ನೋಡಿದ, ಎದ್ದ.

ಅವಳು ಬರುವುದು ನಿಂತಿತು. ಒಂದು ವಾರ ಬಿಟ್ಟು ಕೇಳಿದೆ, ಇಲ್ಲ ಅಂದ. ಎರಡು ವಾರ ಬಿಟ್ಟು ಕೇಳಿದೆ, ಇಲ್ಲ ಅಂದ. ಮೂರನೆಯ ಸಲ ಕೇಳಲು ನನಗೆ ಧೈರ್ಯವಾಗಲಿಲ್ಲ. ಅವನು ಎಂದಿನಂತೆ ಕೆಲಸಕ್ಕೆ ಹೋದ, ಕೋಳಿಗಳಿಗೆ ಕಾಳು ಹಾಕಿದ. ಚೆನ್ನಾಗಿ ನಿದ್ದೆ ಬರುತ್ತದೆ, ಮಲಗಿದರೆ ಬೆಳಗಾಗುತ್ತದೆ ಅಂದ.

ಹೀಗಿರುವಾಗ ಒಂದು ಭಾನುವಾರ ನಾನು ಅವನ ಮನೆಯ ಮೆಟ್ಟಿಲ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದೆ. ಇಸ್ಮೇ ಚರ್ಚಿನ ಬಟ್ಟೆಯಲ್ಲೇ ಬಂದಳು. ಮನೆ ಬಿಡಿ ಎನ್ನಲು ಬಂದಿದ್ದಾಳೆ ಎಂದೇ ನಾನು ಅಂದುಕೊಂಡೆ. ಅವಳು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತು, ಶೂ ಬಿಚ್ಚಿ ಪಕ್ಕಕ್ಕಿಟ್ಟಳು. ಕನ್ಯೂಟ್ ಬಾಗಿಲಲ್ಲಿ ನಿಂತಿದ್ದ. "ಮೊದಲನೇ ಸಲ ಬಂದಾಗ ಏನಂದ್ಲು?" ಎಂದು ಕೇಳಿದಳು, ಅವನ ಕಡೆ ತಿರುಗದೆ.

ಅವನು ಹೇಳಿದ. ಅವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಒಂದೇ ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಎಲ್ಲಿಟ್ಟೆ ಎಂದು ಕೇಳಿದಳು. ಅಷ್ಟೇ. ಇಸ್ಮೇ ಎದ್ದು ಹೋದಳು.

ಮುಂದಿನ ಭಾನುವಾರ ಬಂದು ಎರಡನೆಯದನ್ನು ಕೇಳಿದಳು. ಬೆಂಡೆಕಾಯಿ ಬಲಿತುಹೋಗುತ್ತಿದೆ, ಯಾಕೆ ಕೊಯ್ದಿಲ್ಲ ಅಂದಿದ್ದಳಂತೆ. ಹೀಗೆ ವಾರಕ್ಕೆ ಒಂದು. ಎರಡು ಹೇಳಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದರಲ್ಲಿ ಲೆನೋರಾ ಕರೆಂಟು ಹೋಗಿದೆ ಎಂದು ಗೊಣಗಿದ್ದಳು. ಒಂದರಲ್ಲಿ ಕಲ್ಲು ಕೇಳಿದ್ದಳು, ಮಂಚದ ತುದಿಯಲ್ಲಿ ಕೂತು. ಒಂದರಲ್ಲಿ ಮಾತೇ ಇಲ್ಲ, ಅವನ ಅಂಗಿಯ ಗುಂಡಿ ಹೊಲಿಯುತ್ತಿದ್ದಳು. ಪ್ರತಿ ಸಲವೂ ಇಸ್ಮೇ ಕೊನೆಯವರೆಗೂ ಕೇಳಿಸಿಕೊಂಡು, ಇನ್ನೇನಾದರೂ ಉಳಿದಿದೆಯೋ ಎಂಬಂತೆ ಸ್ವಲ್ಪ ಕಾಯುತ್ತಿದ್ದಳು. ಉಳಿದಿರುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ನಾನೂ ಒಂದೇ ಒಂದು ವಾರ ತಪ್ಪಿಸಲಿಲ್ಲ.

ಹನ್ನೊಂದನೆಯದು ಬಹಳ ಚಿಕ್ಕದು. ಲೆನೋರಾ ರಸ್ತೆಯಲ್ಲಿ ಹೋಗುತ್ತಿದ್ದಳು, ಇವನು ಕೂಗಿದ, ಅವಳು ಬಿಸಿಲು ಜಾಸ್ತಿ ಅಂದಳು, ಹೋದಳು. ಅದನ್ನು ಹೇಳಿ ಮುಗಿಸಿ, "ಇಷ್ಟೇ" ಅಂದ ಕನ್ಯೂಟ್. ಇಸ್ಮೇ ಶೂ ಹಾಕಿಕೊಂಡಳು. ಆ ದಿನ ಥ್ಯಾಂಕ್ಸ್ ಹೇಳಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅವಳು ರಸ್ತೆಯ ತಿರುವು ದಾಟುವವರೆಗೂ ಅವನು ಬಾಗಿಲಲ್ಲೇ ನಿಂತು ನೋಡಿದ.

ಹನ್ನೆರಡನೆಯ ಭಾನುವಾರ ಅವಳು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆಯೇ ಮೆಟ್ಟಿಲು ಗುಡಿಸಿ, ಒಳ್ಳೆಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ. ಚರ್ಚಿನ ಗಂಟೆ ಹೊಡೆದು ಜನರೆಲ್ಲ ಮನೆ ಸೇರಿದರು. ಬಾ, ಉಪ್ಪುಮೀನು ಬೇಯಿಸಿದ್ದೀನಿ, ಉಣ್ಣು ಅಂದೆ. ಆಮೇಲೆ ಅಂದ. ಅಷ್ಟರಲ್ಲಿ ಇಸ್ಮೇ ಬಂದಳು. ಕೂತಳು, ಶೂ ಬಿಚ್ಚಿದಳು, ಏನೂ ಕೇಳಲಿಲ್ಲ. ಕೇಳಲು ಏನು ಉಳಿದಿತ್ತು. ನಾವು ಮೂವರೂ ರಸ್ತೆ ನೋಡುತ್ತಾ ಕೂತೆವು. ಒಂದು ಆಡು ಹೋಯಿತು, ಆಮೇಲೆ ಗಾರ್ವಿನ್‌ನ ವ್ಯಾನು ಹಾರ್ನು ಹೊಡೆಯದೆ ಹೋಯಿತು.

"ಇನ್ನೊಂದಿದೆ" ಅಂದ ಕನ್ಯೂಟ್.

ಇಸ್ಮೇ ತಿರುಗಿದಳು. ಅಷ್ಟು ವಾರಗಳಲ್ಲಿ ಅವಳು ಅವನ ಮುಖ ನೋಡಿದ್ದು ಅದೇ ಮೊದಲು. "ಹನ್ನೊಂದು ಅಂದಿದ್ರಿ."

"ಎಣಿಸೋದು ತಪ್ಪಿತ್ತು."

ನಾನು ತೊಗರಿಕಾಯಿಯಿಂದ ತಲೆ ಎತ್ತಲಿಲ್ಲ. ಗೋಡೆಯ ಇಟ್ಟಿಗೆಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಮನುಷ್ಯ, ಎಣಿಸುವುದು ತಪ್ಪಿತಂತೆ. ಹೇಳುವಾಗ ಅವನ ಕೈ ಅಂಗಿಯ ತುದಿಯನ್ನು ಮಡಿಸಿ ಬಿಡಿಸಿ ಮಾಡುತ್ತಿತ್ತು. ಲೆನೋರಾ ಬಂದಳು ಅಂದ. ಅಡುಗೆಮನೆಯಲ್ಲಿ ನಿಂತಿದ್ದಳು ಅಂದ. ಅಲ್ಲಿಗೆ ಮಾತು ನಿಂತಿತು. ಬಹಳ ಹೊತ್ತಿನ ಮೇಲೆ, "ಇಸ್ಮೇ ಊಟ ಮಾಡಿದ್ಲಾ ಅಂತ ಕೇಳಿದ್ಲು" ಅಂದ.

ಇಸ್ಮೇ ಅವನನ್ನು ನೋಡುತ್ತಲೇ ಇದ್ದಳು. ಇಪ್ಪತ್ತೆಂಟು ವರ್ಷ ಮಕ್ಕಳ ಸುಳ್ಳು ಹಿಡಿದ ಟೀಚರು ಅವಳು.

"ಯಾವ ಬಟ್ಟೆ ಹಾಕಿದ್ಲು?" ಎಂದು ಕೇಳಿದಳು.

ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ.

"ಹಳದೀದಾ?" ಅಂದಳು ಇಸ್ಮೇ.

"ಹೂಂ. ಹಳದಿ."

ಲೆನೋರಾ ಹುಟ್ಟಿದಾಗಿನಿಂದ ಸಾಯುವವರೆಗೆ ಹಳದಿ ಬಟ್ಟೆ ಮೈಗೆ ಸೋಕಿಸಿದವಳಲ್ಲ. ಅದು ನನಗೆ ಗೊತ್ತು, ಅವನಿಗೆ ಗೊತ್ತು, ಅವಳ ಮಗಳಿಗೂ ಗೊತ್ತು. ಇಸ್ಮೇ ನನ್ನ ಮಡಿಲಿನಿಂದ ಒಂದು ಹಿಡಿ ತೊಗರಿಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

"ಆಮೇಲೆ?" ಅಂದಳು.